ಕಸ್ಟೋಡಿಸ್ ಎದುರು ಸ್ಪೇಸ್ ಮರೀನ್: ನಾನು ತೂಗಿ ನೋಡಿದ ಬಗೆ

ಕಸ್ಟೋಡಿಸ್ ಮುಂದೆ ಸ್ಪೇಸ್ ಮರೀನ್‌ಗಳು ಲೆಕ್ಕಕ್ಕಿಲ್ಲ ಎಂದು ನಮ್ಮ ವಾರ್‌ಹ್ಯಾಮರ್ 40,000 (ಮೇಜಿನ ಮೇಲೆ ಬೊಂಬೆ ಸೈನ್ಯಗಳನ್ನಿಟ್ಟು ದಾಳ ಉರುಳಿಸಿ ಆಡುವ ಯುದ್ಧದಾಟ) ಗುಂಪಿನಲ್ಲಿ ಎಲ್ಲರೂ ತೀರ್ಪು ಕೊಟ್ಟಾಗಿತ್ತು. ಕಥೆಯ ಮಟ್ಟಿಗೆ ಸರಿಯೇ. ಕಸ್ಟೋಡಿಸ್ ಎಂದರೆ ಚಕ್ರವರ್ತಿಯ ಅಂಗರಕ್ಷಕರು; ಒಟ್ಟು ಹತ್ತು ಸಾವಿರದಷ್ಟು, ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ರೂಪಿಸಿದ್ದು. ಮರೀನ್‌ಗಳು ಒಂದೊಂದು ಚಾಪ್ಟರಿಗೇ (ಪಡೆಗೇ) ಸಾವಿರ. ಆದರೆ ಮೇಜಿಗೆ ಇಳಿದ ಮೇಲೆ ಇಬ್ಬರೂ 2,000 ಪಾಯಿಂಟ್ (ದಳಗಳಿಗೆ ಆಟ ಕಟ್ಟಿದ ಬೆಲೆ) ಒಳಗೇ ನಿಲ್ಲಬೇಕಲ್ಲ.

ಕಥೆ ನಂಬಿ ಬೊಂಬೆ ಕೊಂಡವರಲ್ಲಿ ನಾನೂ ಒಬ್ಬ. ಸಾಗಣೆ, ಸುಂಕ, ಬಣ್ಣ ಎಲ್ಲ ಸೇರಿ 70–80 ಸಾವಿರ ರೂಪಾಯಿ ಹೋಗಿರಬೇಕು. ಅರ್ಧದಷ್ಟು ಇನ್ನೂ ಪ್ರೈಮರ್ ಕಂಡಿಲ್ಲ. ಹಾಗಾಗಿ ಈ ಸಲ ಬೊಂಬೆಗಳ ಬದಲಿಗೆ ರಟ್ಟಿನಲ್ಲಿ 32 ಮತ್ತು 40 ಮಿ.ಮೀ. ಬಿಲ್ಲೆಗಳನ್ನು ಕತ್ತರಿಸಿಕೊಂಡೆ. ಖರ್ಚು ಮುನ್ನೂರು ರೂಪಾಯಿಯೂ ದಾಟಲಿಲ್ಲ. ರಟ್ಟಿನ ಸೈನ್ಯ ಎಂದು ಗೆಳೆಯರು ನಕ್ಕರು.

ಸರಾಸರಿ ಲೆಕ್ಕ ಹಾಕುವುದು ಎಲ್ಲರಿಗೂ ಗೊತ್ತು. 10ನೇ ಆವೃತ್ತಿಯ ಬೋಲ್ಟ್ ರೈಫಲಿನಿಂದ ಒಬ್ಬ ಇಂಟರ್‌ಸೆಸರ್ (ಸಾಮಾನ್ಯ ಮರೀನ್) ಬೀಳಲು 12 ಗುಂಡು, ಒಬ್ಬ ಕಸ್ಟೋಡಿಯನ್ (ಕಸ್ಟೋಡಿಸ್ ಯೋಧ) ಬೀಳಲು 40. ಇದನ್ನು ನೋಡಿದವರು ಅಲ್ಲಿಗೇ ಕೈಚೆಲ್ಲುತ್ತಾರೆ. ಪ್ಲಾಸ್ಮಾ ಬಂದೂಕಿಗೆ ಬಂದಾಗ ಇದೇ ಸರಾಸರಿ ದಾರಿ ತಪ್ಪಿಸುತ್ತದೆ. ಸೂಪರ್‌ಚಾರ್ಜ್ ಮಾಡಿದರೆ (ಅಪಾಯ ಹೊತ್ತು ಬಲ ಹೆಚ್ಚಿಸಿದರೆ) ಒಬ್ಬ ಕಸ್ಟೋಡಿಯನ್ನಿಗೆ ಏಳು ಗುಂಡು ಸಾಕು ಎನ್ನುತ್ತದೆ ಲೆಕ್ಕದ ಹಾಳೆ. ಒಂದು ಏಟಿನ ಡ್ಯಾಮೇಜ್ ಎರಡು, ಅವನ ವೂಂಡ್ (ತಾಳಬಲ್ಲ ಪೆಟ್ಟು) ಮೂರು. ಎರಡನೆಯ ಏಟಿನಲ್ಲಿ ಒಂದು ಡ್ಯಾಮೇಜ್ ವ್ಯರ್ಥ. ನಿಜವಾಗಿ ಬೇಕಾಗುವುದು ಒಂಬತ್ತು. ಓತ್ ಆಫ್ ಮೊಮೆಂಟ್ (ಗುರಿ ತಪ್ಪಿದ ದಾಳವನ್ನು ಮತ್ತೆ ಉರುಳಿಸಲು ಮರೀನ್‌ಗಳಿಗಿರುವ ನಿಯಮ) ಅವರ ಮೇಲಿದ್ದರೆ ಮಾತ್ರ ಏಳರ ಹತ್ತಿರ ಬರುತ್ತದೆ. ಸರಾಸರಿ ನಂಬಿ ಹೆಲ್‌ಬ್ಲಾಸ್ಟರ್‌ಗಳನ್ನು (ಪ್ಲಾಸ್ಮಾ ಹಿಡಿದ ಮರೀನ್‌ಗಳನ್ನು) ಕಟ್ಟಿದ ಸೈನ್ಯಗಳೆಲ್ಲ ಮೂರನೇ ಸುತ್ತಿಗೆ ಮಣ್ಣು ಮುಕ್ಕಿದವು.

ಅಲ್ಲಿಂದ ನಾನು ವ್ಯರ್ಥವನ್ನೇ ಅಳೆಯಲು ಶುರು ಮಾಡಿದೆ. ಕಂಪ್ಯೂಟರಿನ ಹಾಳೆಯಲ್ಲಿ ಸಾವಿರಾರು ಸಲ ದಾಳ ಉರುಳಿಸಿ, ಬಿದ್ದ ತಲೆಗಳನ್ನಷ್ಟೇ ಎಣಿಸಿದೆ. ಕಸ್ಟೋಡಿಸ್ ಕಡೆಯ ವ್ಯರ್ಥ ಇನ್ನೂ ದೊಡ್ಡದು ಎಂದು ಆಗ ಕಂಡಿತು. ಗಾರ್ಡಿಯನ್ ಸ್ಪಿಯರ್ ಎಂಬ ಈಟಿ ಹಿಡಿದ ಒಬ್ಬ ಕಸ್ಟೋಡಿಯನ್ ಕೈಕಾಳಗದ ಒಂದು ಸುತ್ತಿನಲ್ಲಿ ಹತ್ತಿರಹತ್ತಿರ ಇಬ್ಬರು ಇಂಟರ್‌ಸೆಸರ್‌ಗಳನ್ನು ಕೆಡವುತ್ತಾನೆ. ನಾಲ್ವರು ಸೇರಿದರೆ ಏಳು ಚಿಲ್ಲರೆ. ಎದುರಿಗಿರುವುದು ಐವರ ದಳವಾದರೆ ಉಳಿದ ಈಟಿಗಳು ಗಾಳಿಗೆ. ಸುಮಾರು 160–170 ಪಾಯಿಂಟಿನ ದಳ 80 ಪಾಯಿಂಟ್ ತಿನ್ನಲು ಒಂದು ಸುತ್ತು ಕಳೆದಿರುತ್ತದೆ. ಅಷ್ಟೇ ಪಾಯಿಂಟಿಗೆ ಹತ್ತು ಇಂಟರ್‌ಸೆಸರ್‌ಗಳು, ಅಂದರೆ ಆಬ್ಜೆಕ್ಟಿವ್ (ಅಂಕ ತರುವ ಜಾಗ) ಮೇಲೆ 20 ಓ.ಸಿ. (ಜಾಗ ಹಿಡಿಯುವ ಬಲ); ನಾಲ್ವರು ಕಸ್ಟೋಡಿಯನ್ನರದು ಎಂಟು.

ಅದಕ್ಕೇ ನನ್ನ ಮರೀನ್‌ಗಳ ಹತ್ತರ ದಳಗಳನ್ನು ಒಡೆದು ಐದೈದು ಮಾಡಿದೆ. ರಟ್ಟಿನ ಸೈನ್ಯ ಮೂರರಲ್ಲಿ ಎರಡು ಆಟ ಗೆಲ್ಲತೊಡಗಿತು, ಅದೂ ಹೆಚ್ಚಿನ ಆಟಗಳಲ್ಲಿ ಕೊನೆಗೆ ನನ್ನ ಕಡೆ ಬೆರಳೆಣಿಕೆಯಷ್ಟು ಜನ ಉಳಿದಿರುವಾಗ. ನಕ್ಕವರಲ್ಲಿ ಇಬ್ಬರು ಈಗ ನನ್ನ ಹಾಳೆ ಕೇಳುತ್ತಿದ್ದಾರೆ.

ನಡುವೆ ಟರ್ಮಿನೇಟರ್‌ಗಳನ್ನೂ (ಭಾರೀ ಕವಚದ ಮರೀನ್‌ಗಳನ್ನೂ) ಇದೇ ಹಾಳೆಗೆ ಹಾಕಿ ನೋಡಿದೆ. ಟಫ್‌ನೆಸ್ (ಗಟ್ಟಿತನ) ಕಸ್ಟೋಡಿಯನ್ನಿನ ಆರಕ್ಕೆ ಎದುರು ಐದೇ ಆದರೂ ಬೋಲ್ಟ್ ರೈಫಲಿಗೆ ಅದೇ 40, ಪ್ಲಾಸ್ಮಾಕ್ಕೆ ಅದೇ ಒಂಬತ್ತು! ಸ್ಟ್ರೆಂತ್ (ಆಯುಧದ ಬಲ) ಐದು, ಆರರಂಥ ಆಯುಧ ಬಂದಾಗ ಕಸ್ಟೋಡಿಯನ್ನಿನ ದುಬಾರಿ ಬೆಲೆಗೆ ಅರ್ಥ. ಟರ್ಮಿನೇಟರ್‌ಗಳ ನಡಿಗೆ ನಿಧಾನವಾದ್ದರಿಂದ ಅವರನ್ನು ಸದ್ಯ ಕೈಬಿಟ್ಟಿದ್ದೇನೆ.

ಯಾವ ದಳವನ್ನು ಮೊದಲು ಬಲಿ ಕೊಡಬೇಕು, ಪ್ಲಾಸ್ಮಾವನ್ನು ಎಲ್ಲಿ ಬಚ್ಚಿಡಬೇಕು ಎಂಬುದನ್ನು ಬರೆಯುವುದಿಲ್ಲ. ಮುಂದಿನ ತಿಂಗಳು ಪಂದ್ಯಾವಳಿ ಇದೆ.