ಸೀಡರ್ ಪಟ್ಟಿಗಳ ಕನೂ: ಗ್ಯಾರೇಜಿನಲ್ಲಿ ಇಬ್ಬರು ಸೇರಿ ಕಟ್ಟುವ ಬಗೆ

ಕೆನಡಾದ ಒಂಟಾರಿಯೊ, ಅಮೆರಿಕದ ಮಿನ್ನೆಸೋಟ ಕಡೆ ಸರೋವರಗಳಿಗೆ ಬರವಿಲ್ಲ. ಅಲ್ಲಿ ಮನೆಯ ಗ್ಯಾರೇಜಿನಲ್ಲೇ ಮರದ ಕನೂ (ಹುಟ್ಟು ಹಾಕಿ ನಡೆಸುವ, ಎರಡೂ ತುದಿ ಚೂಪಾದ ಕಿರಿದೋಣಿ) ಕಟ್ಟಿಕೊಳ್ಳುವವರಿದ್ದಾರೆ. ಆ ಕಡೆ ನೆಲೆಸಿರುವ ಕನ್ನಡದ ಅಪ್ಪ-ಮಗಳು, ಅಣ್ಣ-ತಮ್ಮ ಯಾರೇ ಕೈಹಾಕಿದರೂ ಸಾಧ್ಯವಾಗುವ ಕೆಲಸ ಇದು. ಆದರೆ ಉದ್ದದ ಪಟ್ಟಿ ಕೂರಿಸುವಾಗಲೂ ಎಪಾಕ್ಸಿ (ಹಾರ್ಡ್‌ನರ್ ಬೆರೆಸಿದರೆ ಗಟ್ಟಿಯಾಗುವ ಅಂಟುರಾಳ) ಬಳಿಯುವಾಗಲೂ ಇನ್ನೊಂದು ಜೊತೆ ಕೈ ಬೇಕೇ ಬೇಕು.

16 ಅಡಿಯ ದೋಣಿಗೆ ಕನಿಷ್ಠ 20 ಅಡಿ ಉದ್ದದ ಜಾಗ ಬೇಕು. ವೆಸ್ಟರ್ನ್ ರೆಡ್ ಸೀಡರ್ ಎಂಬ ಹಗುರ ಮರದ ಪಟ್ಟಿ 6 ಮಿ.ಮೀ. ದಪ್ಪ, 19 ಮಿ.ಮೀ. ಅಗಲ, ಒಂದು ಅಂಚು ಉಬ್ಬು, ಇನ್ನೊಂದು ತಗ್ಗು. ಉಬ್ಬು ತಗ್ಗಿನೊಳಗೆ ಇಳಿಯುವುದರಿಂದ ಒಂದು ಪಟ್ಟಿ ಮುಚ್ಚುವುದು ಸುಮಾರು 16 ಮಿ.ಮೀ. ಮಾತ್ರ. ದೋಣಿಯ ಆಕಾರಕ್ಕೆ ಕತ್ತರಿಸಿದ ಅಚ್ಚುಗಳ ಮೇಲೆ ಈ ಪಟ್ಟಿಗಳನ್ನು ಕೂರಿಸಬೇಕು; ನಡುವಿನ ಅಚ್ಚಿನ ಬಾಗಿದ ಅಂಚನ್ನು ಟೇಪಿನಲ್ಲಿ ಅಳೆದು 16ರಿಂದ ಭಾಗಿಸಿ: 1,300 ಮಿ.ಮೀ. ಬಂದರೆ 81ಕ್ಕೆ ತುಸು ಹೆಚ್ಚು, ಅಂದರೆ 82 ಪಟ್ಟಿ. ಸೀಳುವ, ಮುರಿಯುವ ಲೆಕ್ಕಕ್ಕೆ ಐದಾರು ಹೆಚ್ಚಿಗೆ ಇರಲಿ. ಜೊತೆಗೆ ಒಳಮೈಗೂ ಹೊರಮೈಗೂ ಹೊದಿಸಲು 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಫೈಬರ್‌ಗ್ಲಾಸ್ ಬಟ್ಟೆ 1.5 ಮೀ. ಅಗಲದ್ದು 11 ಮೀಟರ್, ಎಪಾಕ್ಸಿ ಸುಮಾರು 10 ಲೀಟರ್.

ಪ್ಲೈವುಡ್ ಅಚ್ಚುಗಳನ್ನು ನೇರವಾದ ಉದ್ದ ಪೀಠದ ಮೇಲೆ ಅಡಿಗೊಂದರಂತೆ ತಲೆಕೆಳಗಾಗಿ ನಿಲ್ಲಿಸಿ, ನಡುಗೆರೆಗೆ ದಾರ ಎಳೆದು ಸಾಲು ನೋಡಿ. ಅಚ್ಚಿನ ಅಂಚಿಗೆಲ್ಲ ಪ್ಯಾಕಿಂಗ್ ಟೇಪ್ ಅಂಟಿಸಿ. ಮರೆತರೆ ಕೊನೆಗೆ ದೋಣಿ ಅಚ್ಚು ಬಿಟ್ಟು ಬರುವುದಿಲ್ಲ.

ಮೊದಲ ಪಟ್ಟಿಯ ತಗ್ಗು ಮೇಲಕ್ಕಿರಲಿ, ಅಂಟು ಅದರಲ್ಲೇ ನಿಲ್ಲುತ್ತದೆ. ಒಬ್ಬರು ಮುಂದಿನ ಪಟ್ಟಿಯ ತುದಿ ಹಿಡಿದುಕೊಂಡರೆ ಇನ್ನೊಬ್ಬರು ನಡುವಿನಿಂದ ತುದಿಯತ್ತ ಒತ್ತುತ್ತಾ ಪ್ರತಿ ಅಚ್ಚಿಗೂ ಸ್ಟೇಪಲ್ ಹೊಡೆಯುತ್ತಾ ಹೋಗಬೇಕು. ಹಿಡಿಯುವವರಿಲ್ಲದೆ ಜೋತುಬಿದ್ದ ಪಟ್ಟಿ ಲಟಕ್ಕನೆ ಮುರಿಯುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಬನ್ನಿ. ಒಂದೇ ಮಗ್ಗುಲಿಗೆ ಹಾಕುತ್ತಾ ಹೋದರೆ ಅಚ್ಚುಗಳು ಆ ಕಡೆಗೆ ಎಳೆದುಕೊಳ್ಳುತ್ತವೆ. ಹೊರಕ್ಕೆ ಉಕ್ಕಿದ ಅಂಟನ್ನು ಹಸಿಯಿರುವಾಗಲೇ ಒರೆಸಿ. ಉಳಿದ ಅಂಟು ಮರವನ್ನು ಮುಚ್ಚಿಬಿಡುತ್ತದೆ, ಎಪಾಕ್ಸಿ ಬಿದ್ದ ಮೇಲೆ ಅಲ್ಲಿ ಮಾಸಲು ಮಚ್ಚೆ ಎದ್ದು ಕಾಣುತ್ತದೆ.

ಸ್ಟೇಪಲ್ ಕಿತ್ತು, ತೋಪಡ ಹಿಡಿದು ಏಣುಗಳನ್ನು ಇಳಿಸಿ, 80ರ ಉಪ್ಪುಕಾಗದವನ್ನು ಉದ್ದನೆಯ ಹಲಗೆಗೆ ಸುತ್ತಿ ಉಜ್ಜಿ. ಸೀಡರ್ ಮೆತ್ತಗೆ, ಅಂಟಿನ ಗೆರೆ ಗಟ್ಟಿ; ಮೆತ್ತನೆ ಪ್ಯಾಡಿನ ಯಂತ್ರದಲ್ಲಿ ಒಂದೇ ಕಡೆ ತಿಕ್ಕಿದರೆ ಮೈಯೆಲ್ಲ ಅಲೆಯಾಗುತ್ತದೆ. ಬಿಸಿನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒಮ್ಮೆ ಒರೆಸಿದರೆ ಮರಕ್ಕೆ ಪೆಟ್ಟುಬಿದ್ದು ಆದ ತಗ್ಗುಗಳು ಉಬ್ಬಿ ಬರುತ್ತವೆ. ಪೂರಾ ಒಣಗಿದ ಮೇಲೆ 120ರಲ್ಲಿ ಮುಗಿಸಿ. ಮಾಸ್ಕ್ ಇಲ್ಲದೆ ಮಾತ್ರ ಉಜ್ಜಬೇಡಿ, ಈ ಮರದ ಧೂಳಿನಿಂದ ಆಸ್ತಮಾ ಬರುವುದುಂಟು.

ಎಪಾಕ್ಸಿಯ ದಿನ ಗಡಿಯಾರದಷ್ಟೇ ಉಷ್ಣಮಾಪಕವನ್ನೂ ನೋಡಬೇಕು. ಬೆಚ್ಚಗಾಗುತ್ತಿರುವ ಮರದೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಹಸಿ ಎಪಾಕ್ಸಿಯಲ್ಲಿ ನೂರಾರು ಗುಳ್ಳೆ ಏಳುತ್ತವೆ. ತಣಿಯುತ್ತಿರುವ ಮರವಾದರೆ ಎಪಾಕ್ಸಿಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಆದ್ದರಿಂದ ಗ್ಯಾರೇಜನ್ನು 24 ಡಿಗ್ರಿಗೆ ಬೆಚ್ಚಗಾಗಿಸಿ, ಹೀಟರ್ ಕಡಿಮೆ ಮಾಡಿ ಶುರುಮಾಡಿ; 18ಕ್ಕಿಂತ ಕೆಳಗಿಳಿಯದಿರಲಿ. ಫೈಬರ್‌ಗ್ಲಾಸಿನ ಒಣಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ಹಾಸಿ, ಸುಕ್ಕನ್ನು ಅಂಗೈಯಲ್ಲಿ ಸವರಿ. ಒಮ್ಮೆಗೆ ಕಾಲು ಲೀಟರಿನಷ್ಟೇ ಕಲಸಿ, ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ಕುದಿಬಂದು ಹೊಗೆಯಾಡುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಹೆಚ್ಚಿಗೆ ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗದು. ಒಬ್ಬರು ಕಲಸಿ ಕೊಡಲಿ, ಇನ್ನೊಬ್ಬರು ನಡುವಿನಿಂದ ಹೊರಕ್ಕೆ ಹಚ್ಚಲಿ. ಬಟ್ಟೆ ಬೆಳ್ಳಗೆ ಕಂಡ ಕಡೆ ಇನ್ನೂ ಬಾಯಾರಿದೆ. ಹೊಳೆದರೆ ಹೆಚ್ಚಾಗಿದೆ, ಎಳೆದು ತೆಗೆಯಿರಿ. ಎಪಾಕ್ಸಿಯ ಮೇಲೆ ತೇಲಿದ ಬಟ್ಟೆ ಆಮೇಲೆ ಉಜ್ಜುವಾಗ ಹರಿಯುತ್ತದೆ. ಕೈಗೆ ತುಸು ಅಂಟುವಾಗಲೇ ಎರಡನೆಯ, ಮೂರನೆಯ ಕೋಟ್ ಕೊಡಿ.

ಗಟ್ಟಿಯಾದ ಮೇಲೆ ಇಬ್ಬರೂ ಎತ್ತಿ ಮಗುಚಿ. ಒಳಮೈಗೆ ಬಟ್ಟೆ ಕೂರುವವರೆಗೆ ದೋಣಿ ಅಗಲಕ್ಕೆ ಬಾಗುತ್ತದೆ. ನಡುವಿಗೆ ಅಳತೆಯ ಅಡ್ಡಪಟ್ಟಿ ಕಟ್ಟಿ, ತಡಮಾಡದೆ ಒಳಗಿನದೂ ಮುಗಿಸಿ. ದೋಣಿಯ ಮೇಲಂಚಿನ ಉದ್ದಕ್ಕೂ ಕೂರಿಸುವ ಅಂಚುಪಟ್ಟಿಗೆ ಆ್ಯಶ್ ಮರ ಒಳ್ಳೆಯದು, ಸ್ಕ್ರೂಗೆ ಮೊದಲು ತೂತು ಕೊರೆಯದಿದ್ದರೆ ಸೀಳುತ್ತದೆ. ಬಿಸಿಲಿಗೆ ಎಪಾಕ್ಸಿ ಹಾಳಾಗುವುದರಿಂದ, ನೀರಿನಲ್ಲಿ ತೊಳೆದು ಉಜ್ಜಿ, ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವ ವಾರ್ನಿಶ್ ಮೂರು ಕೋಟ್ ಬಳಿಯಬೇಕು. ಹೆಗಲಿಗೆ ಹೊರುವ ನೊಗವನ್ನು ಮಾತ್ರ ಆಸನಗಳೆಲ್ಲ ಕೂತ ಮೇಲೆ, ಸಮತೂಕದ ಜಾಗ ಹಿಡಿದು ಕೊನೆಯಲ್ಲಿ ಕೂರಿಸಿ. ಹಿಂಭಾಗ ತುಸು ಭಾರವಾಗಿದ್ದರೆ ಮುಂತುದಿ ಮೇಲೆದ್ದು, ಹೊರುವವರಿಗೆ ದಾರಿ ಕಾಣುತ್ತದೆ.