ಬೇಸ್ ನುಡಿಸೋರು ಆಂಪನ್ನು ಕೊನೆಗೆ ಕೊಳ್ಳಿ

ಬೇಸ್ ಗಿಟಾರ್ ಹಿಡಿದು ಹೊಸದಾಗಿ ಆರ್ಕೆಸ್ಟ್ರಾ ಸೇರಿದ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಯಾವ ಆಂಪ್ ತಗೊಳ್ಲಿ?" ನಾನು ತಿರುಗಿ ಕೇಳುತ್ತೇನೆ, "ಶೋಗೆ ಯಾವುದರಲ್ಲಿ ಹೋಗ್ತೀಯಾ?" ಬೈಕು, ಇಲ್ಲಾಂದ್ರೆ ಬಸ್ಸು. ಅಲ್ಲಿಗೆ ಆಂಪಿನ ಮಾತು ಅರ್ಧ ಮುಗಿದ ಹಾಗೆ.

ನಮ್ಮ ಕಡೆ ಶೋ ಅಂದರೆ ಏನು ನೋಡಿ. ಗಣೇಶನ ಪೆಂಡಾಲ್, ನವೆಂಬರ್ ಪೂರ್ತಿ ರಾಜ್ಯೋತ್ಸವ, ಛತ್ರದಲ್ಲಿ ಆರತಕ್ಷತೆ, ಕಾಲೇಜ್ ಫೆಸ್ಟ್, ಬೆಂಗಳೂರಿನ ಪಬ್. ಇದರಲ್ಲಿ ಹೆಚ್ಚಿನ ಕಡೆ ಸೌಂಡ್‌ನವರು ನಿಮ್ಮ ಬೇಸನ್ನು ನೇರ ಮಿಕ್ಸರ್‌ಗೆ ಎಳೆದುಕೊಳ್ಳುತ್ತಾರೆ. ಜನಕ್ಕೆ ಕೇಳಿಸುವುದು ಅವರ ಸ್ಪೀಕರ್‌ಗಳು, ಕೆಳಗಿನ ದನಿಯ ಸಬ್ಬು, ಮೇಲಿನ ದನಿಯ ಟಾಪು. ನಿಮ್ಮ ಬೆನ್ನ ಹಿಂದೆ ಆಂಪ್ ಇದ್ದರೂ ಅದು ನಿಮಗೆ ಮತ್ತು ಡ್ರಮ್ಮರ್‌ಗೆ ಮಾತ್ರ. ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲು ಬೇಸ್ ಮತ್ತು ಅದರ ಸೆಟಪ್, ಆಮೇಲೆ ಡಿಐ (ಬೇಸಿನ ದನಿಯನ್ನು ಮಿಕ್ಸರ್‌ಗೆ ಕಳಿಸುವ ಸಾಧನ) ಒಳಗೇ ಇರುವ, ದನಿ ತಿದ್ದುವ ಪ್ರೀಆಂಪ್ ಪೆಡಲ್, ಟ್ಯೂನರ್, ಒಳ್ಳೆಯ ಕೇಬಲ್ ಎರಡು. ಆಂಪ್ ಕೊನೆಗೆ, ಅದೂ ಬೇಕು ಅನ್ನಿಸಿದರೆ.

ನಾಲ್ಕು ತಂತಿಯೋ ಐದೋ ಅನ್ನುವುದು ಹಳೇ ಜಗಳ. ರಾಕ್, ಬ್ಲೂಸ್ ನುಡಿಸುವ ಪಬ್ ಬ್ಯಾಂಡ್ ಆದರೆ ನಾಲ್ಕು ಧಾರಾಳ ಸಾಕು. ಆರ್ಕೆಸ್ಟ್ರಾಗೆ ಐದು ಇರಲಿ ಅನ್ನುವವನು ನಾನು. ಕಾರಣ ಗಾಯಕರು. ರಿಹರ್ಸಲ್‌ನಲ್ಲಿ ಇ ಸ್ಕೇಲಿನಲ್ಲಿ ಹಾಡಿದವರು ಸ್ಟೇಜ್ ಹತ್ತಿದ ಮೇಲೆ "ಗಂಟಲು ಸರಿ ಇಲ್ಲ, ಡಿ ಗೆ ಇಳಿಸ್ರಪ್ಪ" ಅನ್ನುತ್ತಾರೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಆರಾಮಾಗಿ ಕೂರುತ್ತಾರೆ. ನಮಗೆ ಆ ಬಟನ್ ಇಲ್ಲ, ಅಲ್ವಾ? ನಾಲ್ಕು ತಂತಿಯಲ್ಲಿ ಓಪನ್ ಇ ಬಿಟ್ಟರೆ ಕೆಳಗೆ ಜಾಗವೇ ಇಲ್ಲ, ಡಿ ಬೇಕಾದರೆ ಮೇಲೆ ಹೋಗಬೇಕು, ಆಗ ಹಾಡಿನ ತೂಕವೇ ಹೋಗುತ್ತದೆ. ಐದು ತಂತಿಯಲ್ಲಾದರೆ ಇ ಗಿಂತ ಕೆಳಗೆ ಬಿ ತಂತಿ ಇದೆ, ಅದರ 5ನೇ ಫ್ರೆಟ್‌ನಲ್ಲಿರುವ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಪಟ್ಟಿ) ಇ ಇಂದ 3ಕ್ಕೆ ಸರಿದರೆ ಡಿ. ಕೈಯ ನಡೆ ಅದೇ, ಜಾಗ ಮಾತ್ರ ಬೇರೆ.

ಆದರೆ ಕಡಿಮೆ ಬೆಲೆಯ ಐದು ತಂತಿ ಬೇಸುಗಳಲ್ಲಿ ಆ ಬಿ ತಂತಿಯೇ ಎಡವುವುದು. ಬಿ ಅಂದರೆ ಸುಮಾರು 31 ಹರ್ಟ್ಸ್. ತಂತಿ ಸಡಿಲವಿದ್ದರೆ ಸ್ವರ ಬರುವುದಿಲ್ಲ, ಬರೀ ಗುಂಯ್ ಅನ್ನುತ್ತದೆ. ಅಂಗಡಿಯಲ್ಲಿ ಬಿ ತಂತಿಯ 3, 5, 7ನೇ ಫ್ರೆಟ್‌ಗಳನ್ನು ಒಂದೊಂದೇ ನುಡಿಸಿ, ಬಾಯಲ್ಲಿ ಆ ಸ್ವರ ಹಾಡಿ ನೋಡಿ. ಹಾಡಲು ಆಗದಿದ್ದರೆ ತಂತಿಯೂ ಹಾಡುತ್ತಿಲ್ಲ ಅಂತ ಅರ್ಥ. 35 ಇಂಚು ಸ್ಕೇಲ್ (ಇಲ್ಲಿ ಸ್ಕೇಲ್ ಅಂದರೆ ನೆಕ್ ತುದಿಯ ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಇದ್ದರೆ ಇದು ಸ್ವಲ್ಪ ಬಿಗಿ. 34 ಇಂಚಿನಲ್ಲೂ 130 ಗೇಜಿನ ದಪ್ಪ ತಂತಿ ಹಾಕಿದರೆ ಎಷ್ಟೋ ವಾಸಿ.

ಇನ್ನು ಬೇಸಿನ ಜಾತಿ. ಫೆಂಡರ್ ಕಂಪನಿಯವರ ಪ್ರಿಸಿಷನ್ ಬೇಸ್ 1951ರದ್ದು, ಜಾಝ್ ಬೇಸ್ 1960ರದ್ದು. ಇವತ್ತು ಅಂಗಡಿಯಲ್ಲಿ ತೂಗುಹಾಕಿರುವ ಬೇಸುಗಳಲ್ಲಿ ಬಹಳಷ್ಟು ಈ ಎರಡರ ಮಕ್ಕಳು, ಮೊಮ್ಮಕ್ಕಳು. ಪ್ರಿಸಿಷನ್‌ನಲ್ಲಿ ಎರಡು ತುಂಡಾದ ಒಂದೇ ಪಿಕಪ್ (ತಂತಿಯ ಮಿಡಿತ ಹಿಡಿಯುವ ಅಯಸ್ಕಾಂತ), ಒಂದು ವಾಲ್ಯೂಮ್, ಒಂದು ಟೋನ್. ಕೆಡಿಸುವುದಕ್ಕೂ ಅದರಲ್ಲಿ ಏನಿಲ್ಲ. ಸೌಂಡ್‌ನವರಿಗೆ ಅದು ಭಾರಿ ಇಷ್ಟ, ಯಾಕೆಂದರೆ ಅದರ ಮಿಡ್, ಅಂದರೆ ನಡುವಿನ ದನಿ, ಗಟ್ಟಿ, ಸಾಧಾರಣ ಸ್ಪೀಕರ್‌ನಲ್ಲೂ ಮಿಕ್ಸ್ ಸೀಳಿಕೊಂಡು ಬರುತ್ತದೆ. ಜಾಝ್ ಬೇಸ್‌ನ ನೆಕ್ ನಟ್ ಹತ್ತಿರ ಸಪೂರ, ಬೆರಳು ಚಿಕ್ಕದಿದ್ದವರಿಗೆ ಸುಖ. ಎರಡು ಪಿಕಪ್ ಇರುವುದರಿಂದ ಬಣ್ಣವೂ ಜಾಸ್ತಿ, ಆದರೆ ಒಂದೇ ಪಿಕಪ್ ತೆರೆದಿಟ್ಟರೆ ಹಮ್ (ಕರೆಂಟಿನ ಗುಂಯ್ ಸದ್ದು) ಬರುತ್ತದೆ, ಸ್ಟೇಜಿನ ಲೈಟು, ಡಿಮ್ಮರ್ ಎಲ್ಲ ಅದರೊಳಗೆ ಹಾಡುತ್ತವೆ. ಸ್ಕ್ವಾಯರ್, ಯಮಾಹಾ, ಐಬನೇಜ್, ಕಾರ್ಟ್, ಸೈರ್ ಇವರೆಲ್ಲರಲ್ಲೂ ಶೋಗೆ ನಿಲ್ಲುವ ಮಾಡೆಲ್‌ಗಳಿವೆ. ಹೆಸರಿಗಿಂತ ಕೈಗೆ ಸಿಕ್ಕ ಆ ಒಂದು ಪೀಸ್ ಹೇಗಿದೆ ಅನ್ನುವುದೇ ಮುಖ್ಯ. ಒಂದೇ ಮಾಡೆಲ್‌ನ ಎರಡು ಪೀಸ್ ಬೇರೆ ಬೇರೆ ಇರುತ್ತವೆ.

ಅಂಗಡಿಯಲ್ಲಿ ನಾನು ಮಾಡುವುದು ಇಷ್ಟು. ಮೊದಲು ಆಂಪ್‌ಗೆ ಹಾಕದೆ ನುಡಿಸುತ್ತೇನೆ. ಮರ ಚೆನ್ನಾಗಿ ಮಿಡಿದರೆ ಹೊಟ್ಟೆಗೆ ಗೊತ್ತಾಗುತ್ತದೆ. ಆಮೇಲೆ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ, 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಎಷ್ಟು ಸಂದು ಇದೆ ನೋಡುತ್ತೇನೆ. ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನೆಕ್ ಒಳಗಿನ ಸರಳನ್ನು, ಅಂದರೆ ಟ್ರಸ್ ರಾಡ್, ಬಿಗಿ ಮಾಡಿಸಿ ಇಲ್ಲೇ ತೋರಿಸಿ ಅನ್ನಿ. ರಾಡ್ ತಿರುಗುವುದೇ ಇಲ್ಲ ಅಂದರೆ ಬಿಟ್ಟು ಬನ್ನಿ, ಎಷ್ಟೇ ಚೌಕಾಸಿ ಆದರೂ ಬೇಡ. 12ನೇ ಫ್ರೆಟ್‌ನ ಹಾರ್ಮಾನಿಕ್ (ತಂತಿ ಒತ್ತದೆ ಬರೀ ತಾಗಿಸಿ ನುಡಿಸುವ ಸ್ವರ) ಮತ್ತು ಒತ್ತಿದ ಸ್ವರ ಎರಡೂ ಟ್ಯೂನರ್‌ನಲ್ಲಿ ಒಂದೇ ಕಡೆ ನಿಲ್ಲಬೇಕು. ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ನಡುವೆ ಎಲ್ಲಾದರೂ ಸ್ವರ ಬೇಗ ಸಾಯುತ್ತದಾ ಕೇಳಿ, ಅದು ಫೆಂಡರ್ ಥರದ ಬೇಸುಗಳ ಹುಟ್ಟುಗುಣ, ಸ್ವಲ್ಪ ಇದ್ದರೆ ಪರವಾಗಿಲ್ಲ. ಕೊನೆಗೆ ಸ್ಟ್ರ್ಯಾಪ್ ಹಾಕಿಕೊಂಡು ಎರಡೂ ಕೈ ಬಿಡಿ. ನೆಕ್ ದಬ್ಬನೆ ನೆಲಕ್ಕೆ ಬಾಗಿದರೆ, ನಾಲ್ಕು ಗಂಟೆ ಶೋನಲ್ಲಿ ನಿಮ್ಮ ಎಡಗೈ ಅದನ್ನು ಹೊರುವ ಕೂಲಿ ಮಾಡಬೇಕಾಗುತ್ತದೆ. ತೂಕ 4 ಕಿಲೋ ಆಸುಪಾಸಿನಲ್ಲಿರಲಿ, ಸ್ಟ್ರ್ಯಾಪ್ 3 ಇಂಚು ಅಗಲದ್ದಿರಲಿ. (ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ನೆಕ್ ಇನ್ನೊಮ್ಮೆ ನೋಡಿಸಿಕೊಳ್ಳಿ. ತೇವಕ್ಕೆ ಅದು ಬಾಗಿಯೇ ಬಾಗುತ್ತದೆ.)

ಆ್ಯಕ್ಟಿವ್ ಬೇಸ್, ಅಂದರೆ ಒಳಗೇ ಬ್ಯಾಟರಿಯ ಪ್ರೀಆಂಪ್ ಇರುವ ಬೇಸ್ ಬಗ್ಗೆ ಒಂದು ಕಥೆ ಹೇಳಲೇಬೇಕು. ಹಾಸನದ ಕಡೆ ಒಂದು ಗಣೇಶನ ಶೋ. ಎರಡನೇ ಹಾಡಿನ ಚರಣದಲ್ಲಿ ನನ್ನ ಬೇಸಿನ ದನಿ ಬಾಯಲ್ಲಿ ನೀರು ತುಂಬಿಕೊಂಡು ಹಾಡಿದ ಹಾಗೆ ಗೊಳಗೊಳ ಆಯಿತು, ಪಲ್ಲವಿಗೆ ಬರುವಷ್ಟರಲ್ಲಿ ಪೂರ್ತಿ ನಿಂತಿತು. ನಾನು ಕೇಬಲ್ ಅಲ್ಲಾಡಿಸಿದೆ, ಸೌಂಡ್‌ನವನನ್ನು ದುರುಗುಟ್ಟಿ ನೋಡಿದೆ, ಅವನು ನನ್ನನ್ನು ನೋಡಿದ. ತಪ್ಪು ನನ್ನದೇ. ಹಿಂದಿನ ಶೋ ಮುಗಿದ ಮೇಲೆ ಕೇಬಲ್ ಕೀಳದೆ ಬೇಸನ್ನು ಮೂಲೆಗಿಟ್ಟಿದ್ದೆ, ಮೂರು ವಾರ ಅದು ಹಾಗೇ ನಿಂತಿತ್ತು. ಆ್ಯಕ್ಟಿವ್ ಬೇಸ್‌ನಲ್ಲಿ ಆನ್-ಆಫ್ ಸ್ವಿಚ್ ಅಂತ ಬೇರೆ ಇರುವುದಿಲ್ಲ, ಜ್ಯಾಕ್‌ಗೆ ಕೇಬಲ್ ಚುಚ್ಚಿದರೆ ಅದೇ ಆನ್, 9 ವೋಲ್ಟ್ ಬ್ಯಾಟರಿ ಸುಮ್ನೆ ಹರಿದು ಹೋಗುತ್ತಿರುತ್ತದೆ. ಆವತ್ತು ರಿದಂ ಪ್ಯಾಡ್ ಹುಡುಗ ತನ್ನ ಬ್ಯಾಗಿನಿಂದ ಒಂದು ಬ್ಯಾಟರಿ ಕೊಟ್ಟ, ಆದರೆ ಹಿಂದಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ನನ್ನ ಹತ್ತಿರ ಸ್ಕ್ರೂಡ್ರೈವರ್ ಇಲ್ಲ. ಒಂದು ರೂಪಾಯಿ ನಾಣ್ಯದಲ್ಲಿ ಬಿಚ್ಚಲು ಹೋಗಿ ಒಂದು ಸ್ಕ್ರೂ ತಲೆ ಇವತ್ತಿಗೂ ಸವೆದೇ ಇದೆ. ಹಾಗಾಗಿ ಆ್ಯಕ್ಟಿವ್ ಕೊಳ್ಳುವುದಾದರೆ ಎರಡು ನೋಡಿ: ಬ್ಯಾಟರಿ ಡಬ್ಬಿ ಬೆರಳಲ್ಲೇ ತೆರೆಯುವಂತಿರಲಿ, ಮತ್ತು ಬ್ಯಾಟರಿ ಇಲ್ಲದೆ ನಡೆಯುವ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇರಲಿ. ಸ್ವಿಚ್ ಇದ್ದಿದ್ದರೆ ಆವತ್ತು ಒಂದು ಸೆಕೆಂಡಿನ ಕೆಲಸ.

ಈಗ ಡಿಐ. ಬೇಸಿನಿಂದ ಸಾಧಾರಣ ಕೇಬಲ್ ಎಳೆದು 20, 30 ಮೀಟರ್ ದೂರದ ಮಿಕ್ಸರ್‌ಗೆ ಹಾಕಿದರೆ ದಾರಿಯುದ್ದಕ್ಕೂ ಗಲೀಜು ಎತ್ತಿಕೊಂಡು ಹೋಗುತ್ತದೆ, ಹೈ ಎಲ್ಲ ಸತ್ತು ಹೋಗುತ್ತದೆ. ಡಿಐ ಅದನ್ನು ಬ್ಯಾಲೆನ್ಸ್ಡ್, ಅಂದರೆ ದಾರಿಯ ಗಲೀಜು ಹತ್ತದ ಹಾಗೆ ಮಾಡಿ ಮೈಕ್ ಕೇಬಲ್‌ನಲ್ಲೇ ಕಳಿಸುತ್ತದೆ. ಸೌಂಡ್‌ನವರ ಹತ್ತಿರ ಡಿಐ ಇರುತ್ತದೆ ಅಂತ ನಂಬಿ ಹೋಗಬೇಡಿ. ಇದ್ದರೂ ಅದು ಕೀಬೋರ್ಡ್‌ಗೆ ಹೋಗಿರುತ್ತದೆ. ಪ್ರೀಆಂಪ್ ಮತ್ತು ಡಿಐ ಒಂದೇ ಡಬ್ಬಿಯಲ್ಲಿರುವ ಪೆಡಲ್ ತಗೊಳ್ಳಿ. ಟೆಕ್ 21ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಈ ದಾರಿ ತೋರಿಸಿದ ಡಬ್ಬಿ, ಬೆಹ್ರಿಂಗರ್‌ನ ಬಿಡಿಐ21 ಅದೇ ಥರದ್ದು ಅಗ್ಗದಲ್ಲಿ. ಅಗ್ಗದ್ದು ಪ್ಲಾಸ್ಟಿಕ್ ಮೈ, ಕಾಲಿಟ್ಟು ತುಳಿಯುವಾಗ ಸ್ವಲ್ಪ ಕರುಣೆ ಇರಲಿ, ಆದರೆ ಶುರುವಿಗೆ ನಡೆಯುತ್ತದೆ. ಗ್ರೌಂಡ್ ಲಿಫ್ಟ್ ಸ್ವಿಚ್ (ಮಿಕ್ಸರ್‌ಗೆ ಹೋಗುವ ಕೇಬಲ್‌ನ ಅರ್ಥ್ ಬಿಡಿಸುವುದು) ಇದ್ದರೆ ಒಳ್ಳೆಯದು, ಹಮ್ ಬಂದಾಗ ಮೊದಲು ಅದನ್ನು ಒತ್ತಿ.

ಹಮ್ ಹೋಗಲಿ ಅಂತ ಪವರ್ ಪ್ಲಗ್ಗಿನ ಮೂರನೇ ಪಿನ್ ಮಾತ್ರ ಕೀಳಬೇಡಿ. ಪೆಂಡಾಲ್‌ಗಳಲ್ಲಿ ಜನರೇಟರ್ ಕರೆಂಟು, ಎರಡು ಪಿನ್ನಿನ ಜಂಕ್ಷನ್, ಅರ್ಥಿಂಗ್ ಅನ್ನುವುದು ದೇವರಿಗೇ ಗೊತ್ತು. ಒಂದು ಕೈ ತಂತಿ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಎರಡರ ಅರ್ಥ್ ಬೇರೆ ಬೇರೆ ಆದರೆ ನಿಮ್ಮ ಮೈಯೇ ವೈರು. ಕೋರಸ್ ಹಾಡುವವರಾದರೆ ಮೈಕಿನ ಜಾಲರಿಯನ್ನು ಮೊದಲು ಟೆಸ್ಟರ್‌ನಲ್ಲಿ ಮುಟ್ಟಿ ನೋಡಿ. ಬೆಳಗಿತಾ, ಸೌಂಡ್‌ನವರನ್ನು ಕರೆಯಿರಿ, ಅಲ್ಲಿವರೆಗೆ ಹಾಡಬೇಡಿ. ನಿಮ್ಮ ಪೆಡಲ್, ಆಂಪ್ ಎರಡನ್ನೂ ಮಿಕ್ಸರ್‌ಗೆ ಕರೆಂಟು ಬರುವ ಬೋರ್ಡ್‌ನಿಂದಲೇ ತೆಗೆದುಕೊಳ್ಳಿ.

ಪ್ರೀಆಂಪ್‌ನ ನಾಬ್‌ಗಳನ್ನು ಮನೆಯಲ್ಲಿ ಒಬ್ಬರೇ ಕೂತು ಸೆಟ್ ಮಾಡಿದರೆ ಖಂಡಿತ ಬೇಸ್ ಜಾಸ್ತಿ, ಮಿಡ್ ಕಡಿಮೆ ಇಡುತ್ತೀರಿ. ಕೇಳಲು ಸೊಗಸಾಗಿರುತ್ತದೆ. ಅದೇ ಸೆಟ್ಟಿಂಗ್ ಛತ್ರಕ್ಕೆ ಹೋದರೆ ಗ್ರಾನೈಟ್ ನೆಲ, ಬರೀ ಗೋಡೆ, ದನಿ ಎಲ್ಲೆಲ್ಲೋ ಬಡಿದು ವಾಪಸ್ ಬಂದು ಬರೀ ಗುಮ್ಮ್ ಆಗುತ್ತದೆ. ಓಪನ್ ಇ 41 ಹರ್ಟ್ಸ್. ಆದರೆ ಸ್ವರ ಯಾವುದು ಅಂತ ಕಿವಿಗೆ ಗೊತ್ತಾಗುವುದು ಅದರ ಮೇಲಿನ 82, 123 ಮತ್ತು ಇನ್ನೂ ಮೇಲಿನ ಹಾರ್ಮಾನಿಕ್‌ಗಳಿಂದ, ಅಂದರೆ ಅದರ ಜೊತೆಗೇ ಮಿಡಿಯುವ ಮೇಲಿನ ಸ್ವರಗಳಿಂದ. ಆದ್ದರಿಂದ ಬೇಸ್ ನಾಬ್ ಮಧ್ಯದಲ್ಲೇ ಬಿಡಿ, ಮಿಡ್ ಸ್ವಲ್ಪ ಏರಿಸಿ. ಆಗಲೂ ಕೆಸರು ಅನ್ನಿಸಿದರೆ ಸೌಂಡ್‌ನವರನ್ನು ಬೈಯುವ ಮೊದಲು ಕೀಬೋರ್ಡ್‌ನವರ ಎಡಗೈ ನೋಡಿ. ಬೇಸ್ ಪ್ಲೇಯರ್ ಇಲ್ಲದ ತಂಡದಲ್ಲಿ ವರ್ಷಗಟ್ಟಲೆ ನುಡಿಸಿದವರು ಅಭ್ಯಾಸಬಲಕ್ಕೆ ಎಡಗೈಯಲ್ಲಿ ಬೇಸ್ ಸ್ವರಗಳನ್ನು ಹಿಡಿಯುತ್ತಾರೆ. ಇಬ್ಬರೂ ಒಂದೇ ಜಾಗದಲ್ಲಿ ಒದ್ದಾಡುತ್ತಿದ್ದರೆ ಯಾವ ಪೆಡಲ್ಲೂ ಕಾಪಾಡುವುದಿಲ್ಲ. ಟೀ ಕುಡಿಯುವಾಗ ಮೆಲ್ಲಗೆ ಹೇಳಿ, "ಸರ್, ಬಲಗೈ ಸಾಕು."

ಪೆಡಲ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಟ್ಯೂನರ್ ಪೆಡಲ್ ಮೊದಲು, ಯಾಕೆಂದರೆ ಅದನ್ನು ತುಳಿದರೆ ಮ್ಯೂಟ್ ಕೂಡ ಆಗುತ್ತದೆ, ನಿರೂಪಕರು ಮಾತಾಡುವಾಗ ಸದ್ದಿಲ್ಲದೆ ಶ್ರುತಿ ಮಾಡಬಹುದು. ನಂತರ ಜೋರು, ಮೆಲ್ಲ ಎರಡನ್ನೂ ಸಮ ಮಾಡುವ ಕಂಪ್ರೆಸರ್, ಅದೂ ಕೈ ಹದ ಕಲಿತ ಮೇಲೆ. ಡಿಸ್ಟಾರ್ಶನ್ ಬೇಕಾದರೆ ಮೂಲ ದನಿಯನ್ನೂ ಬೆರೆಸುವ ಬ್ಲೆಂಡ್ ನಾಬ್ ಇರುವುದನ್ನೇ ಹುಡುಕಿ, ಇಲ್ಲದಿದ್ದರೆ ಕೆಳಗಿನ ದನಿ ಹಾರಿಹೋಗಿ ಬೇಸ್ ತೆಳ್ಳಗಾಗುತ್ತದೆ. ಈಗಿನ ಸಿನಿಮಾ ಹಾಡುಗಳಲ್ಲಿ ಸಿಂಥ್ ಬೇಸ್ ಜಾಸ್ತಿ, ಅದಕ್ಕೆ ಒಂದು ಆಕ್ಟೇವ್ ಪೆಡಲ್ ಉಪಯೋಗಕ್ಕೆ ಬರುತ್ತದೆ. ಮಲ್ಟಿ ಎಫೆಕ್ಟ್ ಆದರೂ ಆಗಬಹುದು, ಹಿಂದೆ ಮೈಕ್ ಕೇಬಲ್ ಕೂರುವ ಎಕ್ಸ್‌ಎಲ್‌ಆರ್ ಔಟ್ ಇದೆಯಾ ನೋಡಿಕೊಳ್ಳಿ. ಹೆಚ್ಚಿನ ಪೆಡಲ್‌ಗಳಿಗೆ ಅಡಾಪ್ಟರ್ 9 ವೋಲ್ಟ್, ಸೆಂಟರ್ ನೆಗೆಟಿವ್, ಅಂದರೆ ಪಿನ್ನಿನ ನಡುವೆ ಮೈನಸ್. ಮನೆಯ ರೂಟರ್‌ನ ಅಡಾಪ್ಟರ್ ಪಿನ್ ಕೂರುತ್ತದೆ ಅಂತ ಹಾಕಿ ಪೆಡಲ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಕೊನೆಗೆ ಆಂಪ್. ನಿಮ್ಮದೇ ಬ್ಯಾಂಡ್, ನಿಜವಾದ ಡ್ರಮ್ಸ್, ಸೌಂಡ್ ಸಿಸ್ಟಂ ಚಿಕ್ಕದು ಅಥವಾ ಇಲ್ಲವೇ ಇಲ್ಲ ಅನ್ನುವ ಜಾಗಗಳಿದ್ದರೆ ಆಂಪ್ ಬೇಕು. ಆಂಪೆಗ್ ಎಸ್‌ವಿಟಿ ಅಂತ 1969ರಲ್ಲಿ ಬಂತು, 300 ವಾಟ್, ಟ್ಯೂಬ್ ಹೆಡ್ಡು (ಸ್ಪೀಕರ್ ಇಲ್ಲದ ಆಂಪ್ ಡಬ್ಬಿ), 10 ಇಂಚಿನ ಎಂಟು ಸ್ಪೀಕರ್‌ನ ಪೆಟ್ಟಿಗೆ. ದನಿ ಕೇಳಿದರೆ ಕಣ್ಣು ತುಂಬುತ್ತದೆ, ಮೂರನೇ ಮಹಡಿಯ ಪಬ್ಬಿಗೆ ಮೆಟ್ಟಿಲಲ್ಲಿ ಹೊತ್ತರೂ ತುಂಬುತ್ತದೆ. ಈಗ ಕ್ಲಾಸ್ ಡಿ ಅನ್ನುವ ಹೊಸ ಥರದ ಹೆಡ್ಡುಗಳು 500 ವಾಟ್ ಇದ್ದೂ 2, 3 ಕಿಲೋ ತೂಗುತ್ತವೆ, ಬೇಸ್ ಬ್ಯಾಗಿನ ಜೇಬಲ್ಲೇ ಕೂರುತ್ತವೆ. ಜೊತೆಗೆ 12 ಇಂಚಿನ ಸ್ಪೀಕರ್ ಇರುವ ಒಂದು ಹಗುರ ಕ್ಯಾಬಿನೆಟ್, ಆಟೋದಲ್ಲಿ ಕಾಲ ಹತ್ತಿರ ಹಿಡಿಯುವಂಥದ್ದು. ಅಷ್ಟು ಸಾಕು.

ವಾಟ್‌ಗೆ ಮರುಳಾಗಬೇಡಿ. ವಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ "ಓ, ಸ್ವಲ್ಪ ಜೋರು" ಅನ್ನಿಸುವಷ್ಟು. ಅದೇ ದುಡ್ಡಲ್ಲಿ ಇನ್ನೊಂದು ಕ್ಯಾಬಿನೆಟ್ ತಂದರೆ ಫರಕು ಜಾಸ್ತಿ. ಓಮ್ ಲೆಕ್ಕ ಮಾತ್ರ ತಪ್ಪಬಾರದು: 8 ಓಮಿನ ಎರಡು ಕ್ಯಾಬಿನೆಟ್ ಸೇರಿದರೆ 4 ಓಮ್, ಈಗಿನ ಹೆಚ್ಚಿನ ಹೆಡ್ಡುಗಳಿಗೆ ಅದೇ ಕೊನೆ, ಅದಕ್ಕಿಂತ ಕೆಳಗೆ ಇಳಿಯಬಾರದು. ಮೂರನೆಯದು ಹಾಕಿದರೆ ಹೊಗೆ. ಹೆಡ್ಡಿನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ನೋಡಲು ಹಾಗೇ ಕಂಡರೂ ಒಳಗಿನ ತಂತಿ ಸಪೂರ, ಬಿಸಿಯಾಗಿ ಕರಗುತ್ತದೆ.

ಅಮೆರಿಕದಲ್ಲಿರುವ ಅಣ್ಣನೋ ಭಾವನೋ "ಇಲ್ಲಿ ಅಗ್ಗ, ಬರುವಾಗ ತರ್ತೀನಿ" ಅಂದರೆ ಪೆಡಲ್ ತರಿಸಿ, ಬೇಸ್ ಬೇಕಾದರೂ ತರಿಸಿ. ಆಂಪ್ ತರಿಸುವ ಮೊದಲು ಅದರ ಹಿಂಭಾಗದ ಫೋಟೋ ಕೇಳಿ. 100-240 ವೋಲ್ಟ್ ಅಂತ ಬರೆದಿದ್ದರೆ ಸರಿ. ಬರೀ 120 ಅಂತಿದ್ದರೆ ನಮ್ಮ 230ಕ್ಕೆ ಚುಚ್ಚಿದ ಕ್ಷಣ ಅದರ ಕಥೆ ಮುಗಿಯಿತು. ಅದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದು ಹೆಡ್ಡಿಗಿಂತಲೂ ಭಾರ. ಕೆಲವಕ್ಕೆ ಹಿಂದೆ ವೋಲ್ಟೇಜ್ ಸ್ವಿಚ್ ಇರುತ್ತದೆ, ಅದನ್ನು 230ಕ್ಕೆ ತಿರುಗಿಸಿದ್ದೀರಾ ಅಂತ ಪ್ಲಗ್ ಹಾಕುವ ಮೊದಲು ಇನ್ನೊಮ್ಮೆ ನೋಡಿ. ಸೆಕೆಂಡ್ ಹ್ಯಾಂಡ್ ಆಂಪ್ ಆದರೆ ಮಾರುವವರ ಮನೆಯಲ್ಲೇ ಅರ್ಧ ಗಂಟೆ ಆನ್ ಇಟ್ಟು, ಓಪನ್ ಇ ಗಟ್ಟಿಯಾಗಿ ನುಡಿಸುತ್ತಾ ಪ್ರತಿ ನಾಬ್ ತಿರುಗಿಸಿ. ತಣ್ಣಗಿರುವಾಗ ಎಲ್ಲ ಆಂಪೂ ಚೆನ್ನಾಗೇ ಇರುತ್ತದೆ, ಬಿಸಿಯಾದ ಮೇಲೆ ಕರಕರ ಅನ್ನುತ್ತದಾ, ಕ್ಯಾಬಿನೆಟ್‌ನಲ್ಲಿ ಎಲ್ಲಾದರೂ ಪಟಪಟ ಅನ್ನುತ್ತದಾ ಕೇಳಿಸಿಕೊಂಡು ಆಮೇಲೆ ರೇಟು ಮಾತಾಡಿ.