ಸಿಂಗಪುರದಲ್ಲಿ ಕಾರಿನ ಹತ್ತು ವರ್ಷ ಮುಗಿದಾಗ: ನಾವು ಹಾಕಿದ ಲೆಕ್ಕ

ಸಿಂಗಪುರದಲ್ಲಿ ಬರೀ ಕಾರು ಕೊಂಡರೆ ಆಗುವುದಿಲ್ಲ. ಕಾರು ಇಟ್ಟುಕೊಳ್ಳುವ ಹಕ್ಕನ್ನೂ ಕೊಳ್ಳಬೇಕು. ಆ ಹಕ್ಕುಪತ್ರಕ್ಕೆ ಇಲ್ಲಿ ಸಿಒಇ ಅಂತಾರೆ. ಅದರ ಆಯಸ್ಸು ಹತ್ತು ವರ್ಷ. ನಮ್ಮದು 2014ರ ಕಾರು. 2024 ಹತ್ತಿರ ಬಂದ ಹಾಗೆ ಮನೆಯಲ್ಲಿ ಒಂದೇ ಮಾತು: ಮುಂದುವರಿಸೋದಾ, ಬಿಡೋದಾ?

ಈ ಪದ್ಧತಿ ಶುರುವಾಗಿದ್ದು 1990ರಲ್ಲಿ. ಎಷ್ಟು ಹೊಸ ಗಾಡಿ ರಸ್ತೆಗಿಳಿಯಬಹುದು ಅಂತ ಸಾರಿಗೆ ಪ್ರಾಧಿಕಾರ ಗೊತ್ತುಮಾಡುತ್ತದೆ. ತಿಂಗಳಿಗೆ ಎರಡು ಸಲ ಹರಾಜು. ಒಂದು ವರ್ಗದ ಗಾಡಿಗೆ ಗೆದ್ದವರೆಲ್ಲರಿಗೂ ಒಂದೇ ಬೆಲೆ. 2018ರಲ್ಲಿ ಕಾರುಗಳ ಬೆಳವಣಿಗೆ ದರವನ್ನು ಸೊನ್ನೆಗೆ ಇಳಿಸಿದರು. ಹಾಗಾಗಿ ಹೆಚ್ಚುಕಡಿಮೆ ಹಳೆಯದು ಹೋದಷ್ಟೇ ಹೊಸದಕ್ಕೆ ಜಾಗ. 2023ರ ಅಕ್ಟೋಬರಿನಲ್ಲಿ ಸಣ್ಣ ಕಾರಿನ ಸಿಒಇಯೇ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿತ್ತು. ಕಾರಿನ ಬೆಲೆ ಬೇರೆ, ನೆನಪಿರಲಿ!

ಹಳೆ ಕಾರನ್ನು ಮುಂದುವರಿಸಲು ಹರಾಜಿಗೆ ಹೋಗಬೇಕಿಲ್ಲ. ಹಿಂದಿನ ಮೂರು ತಿಂಗಳ ಹರಾಜಿನ ಸರಾಸರಿ ಕಟ್ಟಿದರೆ ಇನ್ನೂ ಹತ್ತು ವರ್ಷ. ಅರ್ಧ ಕಟ್ಟಿದರೆ ಐದು ವರ್ಷ, ಆಮೇಲೆ ಮತ್ತೆ ಮುಂದುವರಿಸುವ ಹಾಗಿಲ್ಲ. ನಮ್ಮ ಸರದಿ ಬಂದಾಗ ಆ ಸರಾಸರಿ 90,000 ಡಾಲರಿನ ಮೇಲಿತ್ತು. ಅಂದರೆ ವರ್ಷಕ್ಕೆ ಒಂಬತ್ತು ಸಾವಿರಕ್ಕೂ ಜಾಸ್ತಿ, ಇನ್ನೂ ಪೆಟ್ರೋಲ್ ಹಾಕಿಸಿಲ್ಲ. ಹತ್ತು ವರ್ಷ ದಾಟಿದ ಗಾಡಿಗೆ ರೋಡ್ ಟ್ಯಾಕ್ಸ್ ಮೇಲೆ ಶೇ 10 ಸರ್‌ಚಾರ್ಜ್, ಅದು ವರ್ಷ ವರ್ಷ ಏರಿ ಶೇ 50ಕ್ಕೆ ನಿಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಇದ್ದ ತಪಾಸಣೆ ಪ್ರತಿ ವರ್ಷ ಆಗುತ್ತದೆ. ಫ್ಲ್ಯಾಟಿನ ಬಹುಮಹಡಿ ಪಾರ್ಕಿಂಗಿಗೆ ತಿಂಗಳಿಗೆ 110 ಡಾಲರ್.

ಜನ ಮರೆಯುವ ಲೆಕ್ಕ ಒಂದಿದೆ. ನಮ್ಮಂಥ ಕಾರನ್ನು ಹತ್ತು ವರ್ಷ ತುಂಬುವ ಮುಂಚೆ ನೋಂದಣಿಯಿಂದ ತೆಗೆಸಿದರೆ, ಕೊಳ್ಳುವಾಗ ಕಟ್ಟಿದ ನೋಂದಣಿ ಶುಲ್ಕದಲ್ಲಿ ಅರ್ಧ ವಾಪಸ್ ಬರುತ್ತಿತ್ತು. ಡೀಲರುಗಳು ಪೇಪರ್ ವ್ಯಾಲ್ಯೂ ಅನ್ನೋದರಲ್ಲಿ ಇದೂ ಸೇರಿರುತ್ತದೆ. ಮುಂದುವರಿಸಿದರೆ ಅದೂ ಹೋಯಿತು. ನಮಗದು ಸುಮಾರು ಒಂಬತ್ತು ಸಾವಿರ. ಅದನ್ನೂ ಖರ್ಚಿನ ಕಡೆಗೇ ಬರೆದುಕೊಂಡೆ.

ದುಡ್ಡಿನ ಲೆಕ್ಕ ಇಷ್ಟು ಸಲೀಸು. ತೀರ್ಮಾನ ಮಾತ್ರ ಸಲೀಸಾಗಿರಲಿಲ್ಲ. ಕಾರಣ ನಮ್ಮ ಅಭ್ಯಾಸ.

ಸಿಒಇ ಕಾರುಗಳ ಸಂಖ್ಯೆಗೆ ಕಡಿವಾಣ ಹಾಕುತ್ತದೆ, ನಿಜ. ಆದರೆ ಕಾರು ಮನೆಗೆ ಬಂದ ಮೇಲೆ ಅದು ಉಲ್ಟಾ ಕೆಲಸ ಮಾಡುತ್ತದೆ. ಎರಡು ಸ್ಟಾಪ್ ದೂರದ ಅಂಗಡಿಗೂ ಕಾರು ತೆಗೆಯುತ್ತಿದ್ದೆವು. ನಾನು ಗೊಣಗಿದರೆ ನನ್ನ ಹೆಂಡತಿ, "ಅಷ್ಟು ದುಡ್ಡು ಸುರಿದಿದ್ದೀವಿ ರೀ, ಸುಮ್ನೆ ನಿಲ್ಲಿಸೋಕಾ?" ಅನ್ನುತ್ತಿದ್ದಳು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮೊದಲೇ ಕಟ್ಟಿದ ದುಡ್ಡು ಓಡಿಸು ಓಡಿಸು ಅನ್ನುತ್ತದೆ, ಅಲ್ವಾ?

ನನ್ನನ್ನು ನಿಜಕ್ಕೂ ಬದಲಾಯಿಸಿದ್ದು ಇಆರ್‌ಪಿ, ಅಂದರೆ ರಸ್ತೆ ಬಳಸಿದಾಗಲೆಲ್ಲ ಕಟ್ಟುವ ಶುಲ್ಕ. ರಸ್ತೆಗೆ ಅಡ್ಡಲಾಗಿ ಕಮಾನಿನ ಹಾಗೆ ಗ್ಯಾಂಟ್ರಿ ನಿಂತಿರುತ್ತದೆ. ಅದರ ಕೆಳಗೆ ಹಾದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಬೀಪ್ ಅನ್ನುತ್ತದೆ, ಕಾರ್ಡಿನಿಂದ ಕಾಸು ಹೋಗುತ್ತದೆ. ಒತ್ತಡದ ಹೊತ್ತಿನಲ್ಲಿ ದರ ಜಾಸ್ತಿ, ಸ್ವಲ್ಪ ಆಚೀಚೆ ಕಡಿಮೆ. ಇಂಥ ಶುಲ್ಕ ಇಲ್ಲಿ ಹಳೆಯದೇ: 1975ರಲ್ಲೇ ಬೆಳಗಿನ ಹೊತ್ತು ನಗರದ ನಡುಭಾಗಕ್ಕೆ ಕಾರು ಒಯ್ಯಲು ದಿನಕ್ಕೆ 3 ಡಾಲರಿನ ಚೀಟಿ ಅಂಟಿಸಬೇಕಿತ್ತು. 1998ರಲ್ಲಿ ಚೀಟಿ ಹೋಗಿ ಗ್ಯಾಂಟ್ರಿ ಬಂತು. ದರ ಇಳಿಯಲು ಐದು ನಿಮಿಷ ಬಾಕಿ ಇದ್ದರೆ ಗ್ಯಾಂಟ್ರಿಗೆ ಮುಂಚೆ ಕಾರುಗಳು ಆಮೆ ನಡಿಗೆ ಹಿಡಿಯುತ್ತವೆ. ನಾನೂ ಹಿಡಿದಿದ್ದೇನೆ. ಲಕ್ಷ ಡಾಲರಿನ ಗಾಡಿಯಲ್ಲಿ ಕೂತು ಒಂದು ಡಾಲರ್ ಉಳಿಸುವ ಜನ ನಾವು! ನಗು ಬಂದರೂ ಪಾಠ ಅಲ್ಲೇ ಇದೆ. ಆ ಬೀಪ್ ಕೇಳಿ ಕೇಳಿಯೇ ನಾನು ಆಫೀಸಿಗೆ ಬೇಗ ಹೊರಡಲು ಕಲಿತೆ, ಆಮೇಲೆ ಮೆಟ್ರೋ ಹಿಡಿಯಲು ಕಲಿತೆ. ಬೆಳಗ್ಗೆ 7:45ಕ್ಕೆ ಮುಂಚೆ ಹತ್ತಿದರೆ ಟಿಕೆಟ್ಟಿನಲ್ಲಿ 50 ಸೆಂಟ್‌ವರೆಗೆ ರಿಯಾಯಿತಿ ಬೇರೆ.

ಹಾಗಾಗಿ ಒಂದು ಪ್ರಯೋಗ ಮಾಡಿದೆವು. ಕಾರು ಕೆಳಗೇ ಇರಲಿ, ಕೀ ಬೀರುವಿನಲ್ಲಿರಲಿ, ಇಲ್ಲದವರ ಹಾಗೆ ಬದುಕಿ ನೋಡೋಣ ಅಂತ. ಕೀ ತೆಗೆಯಲೇಬೇಕು ಅನಿಸಿದಾಗ ಯಾಕೆ ಅಂತ ಕ್ಯಾಲೆಂಡರಿನಲ್ಲಿ ಬರೆಯುವುದು. ಆಫೀಸು, ಶಾಲೆ, ತರಕಾರಿ ಒಂದೂ ಆ ಪಟ್ಟಿಗೆ ಬರಲಿಲ್ಲ. ಬಂದಿದ್ದು ಮಳೆ ಸಂಜೆಗಳು, ಅತ್ತೆಯವರ ಮಂಡಿನೋವಿನ ಆಸ್ಪತ್ರೆ ಓಡಾಟ, ಬೆಳಗಿನ ಜಾವದ ವಿಮಾನ. ಮಳೆಯಲ್ಲಿ ಟ್ಯಾಕ್ಸಿ ದರ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಸುಳ್ಳು ಹೇಳಲ್ಲ. ಆದರೂ ಇಡೀ ವರ್ಷದ ಟ್ಯಾಕ್ಸಿ ಖರ್ಚು ಎಷ್ಟು ಧಾರಾಳವಾಗಿ ಅಂದಾಜು ಮಾಡಿದರೂ ಸಿಒಇಯ ಒಂದು ವರ್ಷದ ಪಾಲಿನ ಹತ್ತಿರಕ್ಕೂ ಬರಲಿಲ್ಲ.

ಅವಧಿ ಮುಗಿಯುವ ಮುಂಚೆಯೇ ಆನ್‌ಲೈನಿನಲ್ಲಿ ನೋಂದಣಿ ರದ್ದು ಮಾಡಿಸಿ, ಕಾರನ್ನು ರಫ್ತು ಯಾರ್ಡಿಗೆ ಬಿಟ್ಟು ಬಂದೆವು. ಬಿಡುವ ಮುಂಚೆ ಬೇರೆ ಬೇರೆ ಯಾರ್ಡಿನವರ ಬಳಿ ಬಾಡಿ ವ್ಯಾಲ್ಯೂ, ಅಂದರೆ ಬರೀ ಗಾಡಿಗೆ ಕೊಡುವ ಬೆಲೆ, ಎಷ್ಟು ಅಂತ ನೀವೂ ಕೇಳಿ ನೋಡಿ, ವ್ಯತ್ಯಾಸ ಚೆನ್ನಾಗೇ ಇರುತ್ತದೆ.

ಇದೇ ಎಲ್ಲರಿಗೂ ಸರಿ ಅನ್ನಲಾರೆ. ಎರಡು ಪುಟ್ಟ ಮಕ್ಕಳು, ಗಾಲಿಕುರ್ಚಿಯ ಹಿರಿಯರು ಇರುವ ಮನೆಗೆ ಕಾರು ಶೋಕಿಯಲ್ಲ. ಹರಾಜು ಅಗತ್ಯ ಕೇಳುವುದಿಲ್ಲ, ಜೇಬು ಕೇಳುತ್ತದೆ. ಅದು ಈ ಪದ್ಧತಿಯ ದೊಡ್ಡ ಕೊರತೆ. ನನ್ನ ಕೇಳಿದರೆ ಇಟ್ಟುಕೊಳ್ಳುವುದಕ್ಕೆ ಕಡಿಮೆ, ಓಡಿಸುವುದಕ್ಕೆ ಜಾಸ್ತಿ ವಸೂಲಿ ಮಾಡಲಿ. ನಾವೀಗ ಬೇಕಾದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುತ್ತೇವೆ. ಫೋನಿನಲ್ಲಿ ಬುಕ್ ಮಾಡುವಾಗಲೇ ದರ ಕಾಣುತ್ತದೆ. "ಬಸ್ಸಲ್ಲೇ ಹೋಗೋಣ ಬಿಡಿ" ಅಂತ ಈಗ ಮೊದಲು ಹೇಳುವವಳು ನನ್ನ ಹೆಂಡತಿಯೇ.